ಮೇಳಗಳು ಹೆಚ್ಚಿವೆ, ಗೋಡೆಗಳು ಕಡಿಮೆ

ಗದಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿರುವ ಗೆಳೆಯನೊಬ್ಬ ಹದಿನೈದು ದಿನಕ್ಕೊಮ್ಮೆಯಾದರೂ ನನಗೊಂದು ವಾಟ್ಸಾಪ್ ಸಂದೇಶ ಫಾರ್ವರ್ಡ್ ಮಾಡುತ್ತಾನೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. 'ಅಭಿನಂದನೆಗಳು! ನಮ್ಮ ಅಂತರರಾಷ್ಟ್ರೀಯ ಕಲಾ ಮೇಳಕ್ಕೆ ನೀವು ಆಯ್ಕೆಯಾಗಿದ್ದೀರಿ' ಅಂತ ಶುರು. ನಡುವೆ ಯಾವುದೋ ಸ್ಟಾರ್ ಹೋಟೆಲಿನದೋ ಕನ್ವೆನ್ಷನ್ ಹಾಲಿನದೋ ಹೆಸರು. ಕೊನೆಯ ಸಾಲಲ್ಲಿ ಸ್ಟಾಲಿನ ಬಾಡಿಗೆ ಎಷ್ಟು, ಮುಂಗಡ ಯಾವತ್ತಿನೊಳಗೆ ಕಟ್ಟಬೇಕು ಎಂಬ ವಿವರ. ಅದರ ಕೆಳಗೆ ಗೆಳೆಯನ ಪ್ರಶ್ನೆ: "ಇದಕ್ಕ ಹೋಗ್ಲೇನಪಾ? ನೀ ಏನಂತಿ?" ತಮಾಷೆ ಎಂದರೆ, ಈ ಮೇಳಗಳಲ್ಲಿ ಬಹುಪಾಲಿಗೆ ಅವನು ಅರ್ಜಿಯನ್ನೇ ಹಾಕಿರುವುದಿಲ್ಲ.

ಎರಡು ವರ್ಷದ ಹಿಂದೆ ಇಂಥದ್ದೊಂದಕ್ಕೆ ಹೋಗಿ ಬಂದ. ಬೇರೆ ರಾಜ್ಯದ ದೊಡ್ಡ ಊರು, ನಾಲ್ಕು ದಿನದ ಮೇಳ. ಬಂದಮೇಲೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕ ತೋರಿಸಿದ. ಸ್ಟಾಲಿಗೆ 35,000 ರೂಪಾಯಿ. ಚಿತ್ರಗಳಿಗೆ ಫ್ರೇಮ್ ಹಾಕಿಸಿದ್ದು 12,000. ಪ್ಯಾಕಿಂಗ್, ಲಗೇಜು, ಟೆಂಪೊ ಸೇರಿ 9,000. ಇರೋದು, ಉಣ್ಣೋದು 11,000. ಒಟ್ಟು 67,000. ಮಾರಾಟವಾಗಿದ್ದು ಮೂರು ಚಿಕ್ಕ ಚಿತ್ರ, ಬಂದದ್ದು 23,000. ಬಣ್ಣ, ಕ್ಯಾನ್ವಾಸಿನ ಖರ್ಚು, ಹಾಕಿದ ರಜೆ ಇದರಲ್ಲಿ ಸೇರಿಲ್ಲ. 44,000 ರೂಪಾಯಿ ಕಳೆದುಕೊಂಡವನಿಗೆ ಸಿಕ್ಕಿದ್ದು ಒಂದು ಸರ್ಟಿಫಿಕೇಟು, ಒಂದು ಶಾಲು, ಮುಖ್ಯ ಅತಿಥಿಯ ಜತೆಗೊಂದು ಫೋಟೊ. "ಬಾಜೂ ಸ್ಟಾಲಿನವ್ರು ಭಾಳ ಛಲೋ ಮಂದಿ ಇದ್ರು ನೋಡು" ಎಂದ. ಬಾಜೂ ಸ್ಟಾಲಿನವರೂ ಕಲಾವಿದರೇ. ನಾಲ್ಕೂ ದಿನ ಕಲಾವಿದರೇ ಕಲಾವಿದರ ಚಿತ್ರ ನೋಡಿಕೊಂಡು ಕೂತಿದ್ದರಂತೆ.

ಒಬ್ಬನ ನೋಟ್‌ಬುಕ್ಕಿನಿಂದ ಜಗತ್ತಿನ ತೀರ್ಮಾನ ಮಾಡಲಾಗದು, ನಿಜ. ಆದರೆ ಕಲಾ ಮೇಳಗಳು ಅತಿಯಾದವಾ, ಇವುಗಳ ಮಧ್ಯೆ ಕಲಾವಿದರು ಬದುಕೋದು ಹೇಗೆ ಎಂಬ ಪ್ರಶ್ನೆ ಇವತ್ತು ಗದಗದಲ್ಲಿ ಕೇಳಿಸುವಷ್ಟೇ ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಕೇಳಿಸುತ್ತಿದೆ. ಮೇಳ ಎಷ್ಟಿವೆ ಎಂದು ಎಣಿಸುತ್ತ ಕೂತರೆ ಈ ಪ್ರಶ್ನೆಗೆ ಉತ್ತರ ಸಿಗೋದಿಲ್ಲ ಎಂಬುದು ನನ್ನ ಅನಿಸಿಕೆ. ಮೇಳ ನಡೆಸುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಬಹಳಷ್ಟು ಬಿಡಿಸಿಕೊಳ್ಳುತ್ತದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಇವತ್ತು ನಾವು ನೋಡುವ ಮಾದರಿಯ ಕಲಾ ಮೇಳ ಹುಟ್ಟಿದ್ದು 1967ರಲ್ಲಿ, ಆಗಿನ ಪಶ್ಚಿಮ ಜರ್ಮನಿಯ ಕಲೋನ್ ನಗರದಲ್ಲಿ. ಹೈನ್ ಸ್ಟ್ಯೂಂಕೆ ಮತ್ತು ರುಡಾಲ್ಫ್ ಝ್ವಿರ್ನರ್ ಎಂಬ ಇಬ್ಬರು ಗ್ಯಾಲರಿ ಮಾಲೀಕರು 18 ಗ್ಯಾಲರಿಗಳನ್ನು ಒಂದೇ ಸೂರಿನಡಿ ಕೂರಿಸಿದರು. ಫ್ರಾನ್ಸಿಗೆ ಪ್ಯಾರಿಸ್ ಇದ್ದಂತೆ ಕಲೆಯ ವ್ಯಾಪಾರಕ್ಕೆ ಒಂದು ಕೇಂದ್ರ ಆ ದೇಶಕ್ಕಿರಲಿಲ್ಲ. ಗ್ಯಾಲರಿಗಳು ಊರೂರಲ್ಲಿ ಚದುರಿಹೋಗಿದ್ದವು, ಕೊಳ್ಳುವವರೂ ಚದುರಿದ್ದರು. ವರ್ಷಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರಿದರೆ ಇಬ್ಬರಿಗೂ ಅನುಕೂಲ ಎಂಬ ಸರಳ ಯೋಚನೆ ಅದು. ನಮ್ಮ ವಾರದ ಸಂತೆಯ ಹಿಂದಿರುವ ಯೋಚನೆಯೂ ಇದೇ ತಾನೆ? ಸುತ್ತಲ ಹತ್ತು ಹಳ್ಳಿಗೆ ದಿನಾ ಅಂಗಡಿ ಇಟ್ಟರೆ ಗಿಟ್ಟದು, ಅದಕ್ಕೇ ವಾರಕ್ಕೊಂದು ಸಂತೆ.

ಮೂರೇ ವರ್ಷಕ್ಕೆ, 1970ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಲ್ಲಿನ ಗ್ಯಾಲರಿಯವರು ತಮ್ಮದೇ ಮೇಳ ಶುರುಮಾಡಿದರು. ಅದೇ ಆರ್ಟ್ ಬಾಸೆಲ್. ಮೂವತ್ತು ವರ್ಷ ಅದು ಬಾಸೆಲ್‌ನಲ್ಲೇ ಇತ್ತು. ಆಮೇಲೆ ಕಾಲು ಬಂತು. 2002ರಲ್ಲಿ ಮಯಾಮಿ ಬೀಚ್, 2013ರಲ್ಲಿ ಹಾಂಗ್‌ಕಾಂಗ್, 2022ರಲ್ಲಿ ಪ್ಯಾರಿಸ್, 2026ರಲ್ಲಿ ಕತಾರ್. ಅದರ ಪ್ರತಿಸ್ಪರ್ಧಿ ಫ್ರೀಝ್ 2003ರಲ್ಲಿ ಲಂಡನ್ನಿನ ಪಾರ್ಕೊಂದರಲ್ಲಿ ಡೇರೆ ಹಾಕಿ ಶುರುವಾಯಿತು. ನಂತರ ನ್ಯೂಯಾರ್ಕ್, ಲಾಸ್ ಏಂಜಲೀಸ್, ಸೋಲ್ ಎಂದು ಹಬ್ಬಿತು. ಇವೆರಡು ಬರೀ ದೊಡ್ಡ ಹೆಸರುಗಳು. ಇವುಗಳ ಅಕ್ಕಪಕ್ಕ, ಅದೇ ವಾರದಲ್ಲಿ, ಅದೇ ಊರಲ್ಲಿ ಹುಟ್ಟಿಕೊಂಡ ಮರಿ ಮೇಳಗಳನ್ನು ಸೇರಿಸಿದರೆ ಲೆಕ್ಕ ನೂರಾರು ದಾಟುತ್ತದೆ. ಮೇಳ ಸುತ್ತಿ ಸುತ್ತಿ ಬರುವ ಸುಸ್ತಿಗೆ ಕಲಾಲೋಕದವರು ಇಂಗ್ಲಿಷಿನಲ್ಲಿ 'ಫೇರ್‌ಟೀಗ್' ಎಂದು ಹೆಸರಿಟ್ಟು ಎಷ್ಟೋ ವರ್ಷವಾಯಿತು.

ಈಗ ವ್ಯವಹಾರಕ್ಕೆ ಬರೋಣ. ಕಲಾ ಮೇಳ ನಡೆಸುವ ಕಂಪನಿಗೆ ಆದಾಯ ಬರುವುದು ಮುಖ್ಯವಾಗಿ ಸ್ಟಾಲಿನ ಬಾಡಿಗೆಯಿಂದ. ಚದರ ಮೀಟರಿಗೆ ಇಷ್ಟು ಎಂಬ ಲೆಕ್ಕ. ಅದರ ಮೇಲೆ ಟಿಕೆಟ್ಟು, ಬ್ಯಾಂಕು ಮತ್ತು ಕಾರು ಕಂಪನಿಗಳ ಪ್ರಾಯೋಜಕತ್ವ. ಮಾರಾಟವಾದ ಚಿತ್ರದಲ್ಲಿ ಸಾಮಾನ್ಯವಾಗಿ ಮೇಳದವರಿಗೆ ಪಾಲಿಲ್ಲ. ಇದು ಸಣ್ಣ ವಿಷಯದಂತೆ ಕಂಡರೂ ಎಲ್ಲದರ ಬೇರು ಇಲ್ಲಿದೆ. ಪಾಲಿಲ್ಲದ್ದು ಒಳ್ಳೆಯದೇ ಅಲ್ಲವಾ ಎನ್ನಬಹುದು. ಆದರೆ ಪಾಲಿಲ್ಲ ಎಂದರೆ ಮಾರಾಟ ಆಗಲೇಬೇಕೆಂಬ ಗರಜೂ ಇಲ್ಲ. ಸಂತೆಯಲ್ಲಿ ಸುಂಕದವನಿಗೆ ನಿಮ್ಮ ಕುಂಬಳಕಾಯಿ ಖರ್ಚಾಯಿತೋ ಕೊಳೆಯಿತೋ ಸಂಬಂಧವಿಲ್ಲ, ನೆಲ ಹಿಡಿದಿರಿ ಎಂದರೆ ಸುಂಕ ಕೊಡಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾಗಿ ಮೇಳಗಳ ಸಂಖ್ಯೆ ಏರುವುದು ಕೊಳ್ಳುವವರ ಸಂಖ್ಯೆಗೆ ತಕ್ಕಂತೆ ಅಲ್ಲ, ಕಾಣಿಸಿಕೊಳ್ಳಬೇಕು ಎಂದು ಹಂಬಲಿಸುವವರ ಸಂಖ್ಯೆಗೆ ತಕ್ಕಂತೆ. ಆ ಹಂಬಲಕ್ಕೆ ಕೊರತೆಯೇ ಇಲ್ಲ. ಕೊಳ್ಳುವವರು ಅಷ್ಟೇ ಇದ್ದು ಮೇಳ ಎರಡು ಪಟ್ಟಾದರೆ, ಬಾಡಿಗೆ ಎರಡು ಸಲ ಕಟ್ಟುವವರು ನಾವು.

ದೊಡ್ಡ ಮೇಳಗಳಲ್ಲಿ ಬಾಡಿಗೆ ಕಟ್ಟುವುದು ಗ್ಯಾಲರಿ, ಕಲಾವಿದರಲ್ಲ. ಹಾಗಿದ್ದರೆ ಕಲಾವಿದರಿಗೇನು ತೊಂದರೆ? ಗ್ಯಾಲರಿ ಮತ್ತು ಕಲಾವಿದರ ನಡುವೆ ರೂಢಿಯಲ್ಲಿರುವುದು ಅರ್ಧರ್ಧ ಪಾಲು. ಲಕ್ಷಕ್ಕೆ ಮಾರಿದ ಚಿತ್ರದಲ್ಲಿ ಐವತ್ತು ಸಾವಿರ ಗ್ಯಾಲರಿಗೆ. ಅದರಲ್ಲೇ ವರ್ಷವಿಡೀ ಕಟ್ಟಡದ ಬಾಡಿಗೆ, ಸಂಬಳ, ಕ್ಯಾಟಲಾಗು ಎಲ್ಲವೂ ನಡೆಯಬೇಕು. ಇದರ ಮೇಲೆ ಮೇಳದ ಸ್ಟಾಲು, ಸಾಗಣೆ, ವಿಮೆ, ಇಬ್ಬರು ಮೂವರ ಓಡಾಟ ಬಿದ್ದರೆ ಸಣ್ಣ ಗ್ಯಾಲರಿ ಏನು ಮಾಡುತ್ತದೆ? ಖಂಡಿತ ಮಾರಾಟವಾಗುವುದನ್ನೇ ಒಯ್ಯುತ್ತದೆ. ಗೋಡೆಗೆ ಹೊಂದುವ ಅಳತೆ, ಈಗಾಗಲೇ ಬೆಲೆ ಗೊತ್ತಿರುವ ಹೆಸರು, ದೂರದಿಂದಲೇ ಗುರುತು ಸಿಗುವ ಶೈಲಿ. ಕತ್ತಲೆ ಕೋಣೆಯಲ್ಲಿ ಇಪ್ಪತ್ತು ನಿಮಿಷ ಕೂತು ನೋಡಬೇಕಾದ ವಿಡಿಯೊ ಕೃತಿಗೆ ಅಲ್ಲಿ ಜಾಗ ಕಷ್ಟ. ಮೊದಲ ಪ್ರದರ್ಶನದ ಹುಡುಗಿಗೆ ಇನ್ನೂ ಕಷ್ಟ. ಮೇಳದಲ್ಲಿ ನಷ್ಟವಾದ ವರ್ಷ ಗ್ಯಾಲರಿ ಮೊದಲು ಕೈಬಿಡುವುದೂ ಆಕೆಯ ಪ್ರದರ್ಶನವನ್ನೇ.

ಈ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ಕಲೋನ್ ಮೇಳ ಶುರುಮಾಡಿದ ರುಡಾಲ್ಫ್ ಝ್ವಿರ್ನರ್ ಅವರ ಮಗ ಡೇವಿಡ್ ಝ್ವಿರ್ನರ್ ಇವತ್ತು ಜಗತ್ತಿನ ಅತಿ ದೊಡ್ಡ ಗ್ಯಾಲರಿ ಮಾಲೀಕರಲ್ಲೊಬ್ಬರು. 2018ರಲ್ಲಿ ಅವರೇ ಒಂದು ಸಭೆಯಲ್ಲಿ, ನಮ್ಮಂಥ ದೊಡ್ಡ ಗ್ಯಾಲರಿಗಳು ಹೆಚ್ಚು ಬಾಡಿಗೆ ಕೊಟ್ಟು ಸಣ್ಣವರ ಭಾರ ಇಳಿಸಬೇಕು ಎಂಬ ಸಲಹೆ ಮುಂದಿಟ್ಟರು. ಸಣ್ಣ ಗ್ಯಾಲರಿಗಳು ಸತ್ತರೆ ನಾಳೆಯ ಕಲಾವಿದರನ್ನು ಹುಡುಕಿ ಬೆಳೆಸುವವರು ಯಾರೂ ಉಳಿಯುವುದಿಲ್ಲ ಎಂಬ ಅರಿವು ದೊಡ್ಡವರಿಗೂ ಬಂದಿತ್ತು. ಅದೇ ವರ್ಷ ಆರ್ಟ್ ಬಾಸೆಲ್ ತನ್ನ ಬಾಡಿಗೆ ಪದ್ಧತಿ ಬದಲಿಸುವುದಾಗಿ ಹೇಳಿತು. 2019ರಿಂದ ದೊಡ್ಡ ಸ್ಟಾಲಿಗೆ ಚದರ ಮೀಟರ್ ದರ ಹೆಚ್ಚು, ಚಿಕ್ಕದಕ್ಕೆ ಕಡಿಮೆ. ಅಪ್ಪ ಕಟ್ಟಿದ ಸಂತೆಯ ಸುಂಕ ಸರಿಮಾಡಲು ಮಗ ಓಡಾಡಬೇಕಾಯಿತು. ಸಣ್ಣವರಿಗೆ ಅದರಿಂದ ಒಂದಿಷ್ಟು ಉಸಿರು ಸಿಕ್ಕಿರಬಹುದು. ಆದರೆ ವರ್ಷಕ್ಕೆ ಎಷ್ಟು ಊರಿಗೆ ಸರಕು ಹೊತ್ತು ಓಡಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು.

ನಮ್ಮ ದೇಶದ ಚರಿತ್ರೆ ಇದಕ್ಕಿಂತ ಚಿಕ್ಕದು. ದೆಹಲಿಯ ಪ್ರಗತಿ ಮೈದಾನದಲ್ಲಿ 2008ರಲ್ಲಿ 'ಇಂಡಿಯಾ ಆರ್ಟ್ ಸಮಿಟ್' ಎಂಬ ಹೆಸರಲ್ಲಿ 34 ಗ್ಯಾಲರಿಗಳ ಮೇಳ ನಡೆಯಿತು. ಅದೇ ಮುಂದೆ ಇಂಡಿಯಾ ಆರ್ಟ್ ಫೇರ್ ಆಯಿತು. 2016ರಲ್ಲಿ ಆರ್ಟ್ ಬಾಸೆಲ್‌ನ ಮಾತೃಸಂಸ್ಥೆಯೇ ಇದರಲ್ಲಿ ಪಾಲು ಕೊಂಡಿತು, ಆಮೇಲೆ ಬಿಟ್ಟು ಹೋಯಿತು. ಈಗ ಪ್ರತಿ ಫೆಬ್ರುವರಿಯಲ್ಲಿ ನಡೆಯುವ ಈ ಮೇಳ ನೂರರ ಗಡಿ ದಾಟಿದೆ. 2023ರ ನವೆಂಬರಿನಲ್ಲಿ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಆರ್ಟ್ ಮುಂಬೈ ಶುರುವಾಯಿತು. ನಿಜ ಹೇಳಬೇಕೆಂದರೆ, ಇಷ್ಟು ದೊಡ್ಡ ದೇಶಕ್ಕೆ ಇಂಥ ಎರಡು ಮೂರು ಮೇಳ ಅತಿಯೇನಲ್ಲ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಹಿಂಜರಿಯುವವರು ಟಿಕೆಟ್ ತಗೊಂಡು ಮೇಳಕ್ಕೆ ಧೈರ್ಯವಾಗಿ ಹೋಗುತ್ತಾರೆ, ಕಲಾ ಕಾಲೇಜಿನ ಹುಡುಗರು ಪುಸ್ತಕದಲ್ಲಿ ನೋಡಿದ ಕೃತಿಗಳನ್ನು ಕಣ್ಣಾರೆ ನೋಡುತ್ತಾರೆ. ಇದನ್ನು ಅಲ್ಲಗಳೆಯಬಾರದು.

ಆದರೆ ಈ ಮೇಳಗಳಿಗೆ ಬಾಗಿಲು ಗ್ಯಾಲರಿಯ ಮೂಲಕವೇ. ಗ್ಯಾಲರಿ ಇಲ್ಲದ ಕಲಾವಿದರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರವಾಗಿ 2012ರಲ್ಲಿ ದೆಹಲಿಯಲ್ಲೇ ಯುನೈಟೆಡ್ ಆರ್ಟ್ ಫೇರ್ ಎಂಬ ಪ್ರಯೋಗ ನಡೆದಿತ್ತು. ಗ್ಯಾಲರಿಗಳನ್ನು ಬದಿಗಿಟ್ಟು ದೇಶದ ಮೂಲೆಮೂಲೆಯ ನೂರಾರು ಕಲಾವಿದರನ್ನು ನೇರವಾಗಿ ಕರೆತಂದ ಮೇಳ. 2013ರಲ್ಲಿ ಎರಡನೆಯದೂ ಆಯಿತು. ಬಹಳ ಭರವಸೆ ಹುಟ್ಟಿಸಿತ್ತು, ಆದರೆ ಎರಡು ವರ್ಷದ ಉತ್ಸಾಹವಾಗಿಯೇ ಉಳಿಯಿತು. ಅಷ್ಟೊಂದು ಜನರನ್ನು ಕರೆಸಿ, ಕೃತಿ ತರಿಸಿ, ತೂಗುಹಾಕುವ ಖರ್ಚನ್ನು ಬರೀ ಮಾರಾಟದ ಮೇಲೆ ನೆಚ್ಚಿ ನಡೆಸುವುದು ಸುಲಭದ ಮಾತಲ್ಲ.

ಆ ಖಾಲಿ ಜಾಗಕ್ಕೆ ಬಂದು ಕೂತಿರುವುದೇ ನನ್ನ ಗೆಳೆಯನಿಗೆ ಅಭಿನಂದನೆ ಕಳಿಸುವ ಮೇಳಗಳು. ಇಲ್ಲಿ ಗ್ಯಾಲರಿ ಇಲ್ಲ, ಬಾಡಿಗೆ ಕಟ್ಟುವವನು ಕಲಾವಿದನೇ. ಆಯ್ಕೆ ಸಮಿತಿ ಎಂಬುದು ಹೆಸರಿಗೆ, ದುಡ್ಡು ಕಟ್ಟಿದವರೆಲ್ಲ ಆಯ್ಕೆಯಾದವರೇ. ಎಲ್ಲರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ಜಾಹೀರಾತು ಕೊಟ್ಟು, ಕೊಳ್ಳುವವರನ್ನು ಕರೆತರಲು ಒದ್ದಾಡುವವರೂ ಇದ್ದಾರೆ. ಆದರೆ ಈ ವ್ಯವಸ್ಥೆಯ ಲೆಕ್ಕವೇ ಹಾಗಿದೆ. ಮೊದಲ ದಿನ ಬಾಗಿಲು ತೆರೆಯುವ ಹೊತ್ತಿಗೇ ಸಂಘಟಕರ ಖರ್ಚು, ಲಾಭ ಎರಡೂ ಕೈಸೇರಿರುತ್ತವೆ. ಆಮೇಲೆ ಹಾಲಿಗೆ ಜನ ಬಂದರೆಷ್ಟು, ಬಿಟ್ಟರೆಷ್ಟು? ಕಲಾವಿದ ತಾನು ಮಾರುವವ ಎಂದುಕೊಂಡು ಸ್ಟಾಲಿನಲ್ಲಿ ಕೂತಿರುತ್ತಾನೆ. ಅಸಲಿಗೆ ಆ ಮೇಳದ ಗಿರಾಕಿ ಅವನೇ.

ಇದನ್ನು ನಮ್ಮ ಚಿತ್ರಸಂತೆಯ ಪಕ್ಕ ಇಟ್ಟು ನೋಡಬೇಕು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕದಿಂದ ನಡೆಸಿಕೊಂಡು ಬಂದಿರುವ ಈ ಸಂತೆಗೆ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ಬಂದ್. 2024ರ ಜನವರಿಯಲ್ಲಿ ನಡೆದದ್ದು 21ನೆಯದು. ಕೋವಿಡ್ ವರ್ಷ 2021ರಲ್ಲಿ ಆನ್‌ಲೈನಿಗೆ ಹೋಗಿತ್ತು. ಸುಮಾರು 1,500 ಕಲಾವಿದರು, ಎಷ್ಟೋ ರಾಜ್ಯಗಳಿಂದ. ಫುಟ್‌ಪಾತಿನ ಬೇಲಿಗೆ, ಮರದ ಬುಡಕ್ಕೆ, ಕಬ್ಬಿಣದ ಸ್ಟ್ಯಾಂಡಿಗೆ ಒರಗಿಸಿದ ಚಿತ್ರಗಳು. ನೂರಾರು ರೂಪಾಯಿಯಿಂದ ಲಕ್ಷಗಳವರೆಗೆ ಬೆಲೆ. ಮಾರಿದ ದುಡ್ಡು ಕಲಾವಿದರ ಕೈಗೆ ನೇರವಾಗಿ ಬೀಳುತ್ತದೆ. ನಡೆಸುವುದು ಒಂದು ಕಲಾಸಂಸ್ಥೆ, ಸ್ಟಾಲಿನ ಬಾಡಿಗೆಯಿಂದ ಬದುಕಬೇಕಾದ ಕಂಪನಿಯಲ್ಲ. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ವ್ಯತ್ಯಾಸ.

ಹಾಗಂತ ಚಿತ್ರಸಂತೆಗೆ ಹೋದವರೆಲ್ಲ ಗಂಟು ಕಟ್ಟಿಕೊಂಡು ಬರುತ್ತಾರೆಂದಲ್ಲ. ಒಂದು ಚಿಕ್ಕ ಗುಣಾಕಾರ ಮಾಡಿ. ಒಂದು ಸ್ಟಾಲಿಗೆ ಅರ್ಧ ನಿಮಿಷ ಎಂದರೂ 1,500 ಸ್ಟಾಲಿಗೆ 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ. ಊಟ ಬಿಟ್ಟು, ಕಾಫಿ ಬಿಟ್ಟು, ಎಲ್ಲೂ ನಿಲ್ಲದೆ ನಡೆದರೂ ಬೆಳಗಿನಿಂದ ರಾತ್ರಿವರೆಗೆ ಸಾಲದು. ಹಾಗಾಗಿ ರಸ್ತೆಯ ಬಾಯಲ್ಲಿ ಜಾಗ ಸಿಕ್ಕವರಿಗೆ ಒಂದು ನಸೀಬು, ಒಳಗೆಲ್ಲೋ ಮೂಲೆ ಸಿಕ್ಕವರಿಗೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಜನಜಂಗುಳಿಯಲ್ಲಿ ಚಿತ್ರದ ಮುಂದೆ ನಿಲ್ಲುವುದೇ ಕಷ್ಟ, ಹಿಂದಿನವರು ತಳ್ಳುತ್ತಲೇ ಇರುತ್ತಾರೆ. ಸೆಲ್ಫಿಯ ಗದ್ದಲ ಬೇರೆ. ಒಂದು ವರ್ಷ ಗೆಳೆಯನ ಸ್ಟಾಲಿನಲ್ಲಿ ನಾನೂ ಕೂತಿದ್ದೆ. ಒಬ್ಬ ತಾಯಿ, ಮಗಳ ಕೈ ಹಿಡಿದುಕೊಂಡು ಬಂದವರು, ಒಂದು ಜಲವರ್ಣದ ಮುಂದೆ ಬಹಳ ಹೊತ್ತು ನಿಂತರು. "ಫ್ರೇಮ್ ಸೇರಿ ಎಷ್ಟು ಸಾರ್?" ಎಂದು ಕೇಳಿದರು. ಗೆಳೆಯ ಮೂರು ಸಾವಿರ ಎಂದ. "ಸ್ವಲ್ಪ ನೋಡಿ ಹೇಳಿ" ಎಂದರು. ಎರಡೂವರೆಗೆ ಇಳಿಸಿದ. "ಇಲ್ಲೇ ಇರ್ತೀರಲ್ಲ, ಒಂದು ರೌಂಡ್ ಹಾಕ್ಕೊಂಡು ಬರ್ತೀವಿ" ಎಂದು ಹೋದರು. ಬರಲಿಲ್ಲ ಎಂದುಕೊಂಡಿದ್ದೆವು. ಸಂಜೆ ಆರೂವರೆಗೆ ಬಂದರು, ಆ ಜನಸಾಗರದಲ್ಲಿ ನಮ್ಮನ್ನು ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತಂತೆ. ಮನೆಗೆ ಮೊದಲ ಸಲ ಚಿತ್ರ ಕೊಳ್ಳುತ್ತಿರುವುದು ಎಂದರು. ಇಂಥ ಗಿರಾಕಿಯನ್ನು ಯಾವ ಸ್ಟಾರ್ ಹೋಟೆಲಿನ ಮೇಳವೂ ತಂದುಕೊಡುವುದಿಲ್ಲ.

ಆದರೆ ಆ ತಾಯಿಗೆ ಇನ್ನೊಂದು ಚಿತ್ರ ಬೇಕು ಎಂದು ಮಾರ್ಚ್ ತಿಂಗಳಲ್ಲಿ ಅನ್ನಿಸಿದರೆ? ಮುಂದಿನ ಜನವರಿವರೆಗೆ ಕಾಯಬೇಕು.

ಮೇಳಗಳು ಚಿತ್ರಗಳನ್ನೇ ಬದಲಿಸುತ್ತವೆ ಎಂಬುದು ನನಗಿರುವ ಇನ್ನೊಂದು ಆತಂಕ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ ಎನ್ನುತ್ತೇವಲ್ಲ, ಅದು ಇಲ್ಲಿ ಅಕ್ಷರಶಃ ನಡೆಯುತ್ತದೆ. ನವೆಂಬರಿಗೆ ಮುಂಬೈ, ಜನವರಿಗೆ ಬೆಂಗಳೂರು, ಫೆಬ್ರುವರಿಗೆ ದೆಹಲಿ, ನಡುವೆ ಬಿಡಿ ಮೇಳಗಳು ಎಂದಾದಾಗ ಕಲಾವಿದರ ಕ್ಯಾಲೆಂಡರೇ ಸಂತೆಯ ಕ್ಯಾಲೆಂಡರ್ ಆಗುತ್ತದೆ. ಹೋದ ಸಲ ಬುದ್ಧನ ಮುಖ ಖರ್ಚಾಯಿತು, ಈ ಸಲ ಎಂಟು ಬುದ್ಧ. ಕುದುರೆ ಕೇಳುವವರಿದ್ದಾರೆ, ಏಳು ಕುದುರೆ. ವಾಸ್ತು ಪ್ರಕಾರ ಅದು ಯಾವ ದಿಕ್ಕಿಗೆ ಓಡಬೇಕು ಎಂಬುದೂ ಕಲಾವಿದನಿಗೆ ಬಾಯಿಪಾಠ. ಇದನ್ನು ನಾನು ಹೀಗಳೆಯಲಾರೆ, ಮನೆ ನಡೆಯಬೇಕು. ಆದರೆ ಒಂದು ಚಿತ್ರವನ್ನು ಗೋಡೆಗೆ ಒರಗಿಸಿ ಮೂರು ತಿಂಗಳು ಸುಮ್ಮನೆ ನೋಡಿ, ಸರಿಯಿಲ್ಲ ಎಂದು ಅಳಿಸಿ ಮತ್ತೆ ಶುರುಮಾಡುವ ಪುರಸೊತ್ತು ಇದರಲ್ಲಿ ಮೊದಲು ಹೋಗುತ್ತದೆ. ದೊಡ್ಡ ಮೇಳಗಳ ಲೋಕದಲ್ಲೂ ಇದೇ ದೂರು. ಅಲ್ಲಿ ಬುದ್ಧನ ಬದಲು ಬೇರೆ ಏನೋ ಇರುತ್ತದೆ, ಅಷ್ಟೆ.

ಇಷ್ಟೆಲ್ಲ ಕೇಳಿದವರು, "ಮತ್ತೆ ಪೇಪರಿನಲ್ಲಿ ಚಿತ್ರಗಳು ಕೋಟಿ ಕೋಟಿಗೆ ಹೋಗ್ತಿವೆ ಅಂತಾರಲ್ರೀ?" ಎನ್ನುತ್ತಾರೆ. ಹೋಗುತ್ತಿವೆ. 2025ರ ಮಾರ್ಚಿನಲ್ಲಿ ಎಂ.ಎಫ್. ಹುಸೇನರ 'ಗ್ರಾಮಯಾತ್ರಾ' ನ್ಯೂಯಾರ್ಕಿನ ಹರಾಜಿನಲ್ಲಿ 1.37 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ, ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿ ದಾಟಿ, ಮಾರಾಟವಾಯಿತು. ಹುಸೇನರು ತೀರಿಕೊಂಡಿದ್ದು 2011ರಲ್ಲಿ. ಹರಾಜಿನಲ್ಲಿ ಬರುವ ದುಡ್ಡು ಆ ಹೊತ್ತಿಗೆ ಚಿತ್ರ ಯಾರ ಬಳಿ ಇದೆಯೋ ಅವರಿಗೆ, ಬರೆದವರಿಗಲ್ಲ. ಹಾಗೆ ಆಗಬಾರದು ಎಂದೇ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ 53ಎ ಎಂಬ ಕಲಂ ಸೇರಿಸಲಾಗಿದೆ. ಮೂಲ ಚಿತ್ರ ಅಥವಾ ಶಿಲ್ಪ ಹತ್ತು ಸಾವಿರ ರೂಪಾಯಿ ಮೀರಿದ ಬೆಲೆಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಅದರಲ್ಲಿ ಪಾಲು ಕೇಳುವ ಹಕ್ಕಿದೆ. ಪಾಲು ಶೇ 10ನ್ನು ಮೀರುವಂತಿಲ್ಲ. ಮೂವತ್ತು ವರ್ಷದ ಹಿಂದೆಯೇ ಬರೆದಿಟ್ಟ ಈ ಕಲಂ ಬಹುಮಟ್ಟಿಗೆ ಕಾಗದದಲ್ಲೇ ಇದೆ. ಬ್ರಿಟನ್ನಿನಲ್ಲಿ ಇಂಥದೇ ಹಕ್ಕು 2006ರಲ್ಲಿ ಬಂತು. ಅಲ್ಲಿ ಆ ದುಡ್ಡು ವಸೂಲು ಮಾಡಿ ಕಲಾವಿದರಿಗೆ ತಲುಪಿಸುವ ಸಂಸ್ಥೆಗಳಿವೆ. ಇಲ್ಲಿ ಡ್ರಾಯಿಂಗ್ ಮೇಷ್ಟ್ರು ತನ್ನ ಚಿತ್ರ ಎಲ್ಲಿ, ಯಾರಿಗೆ, ಎಷ್ಟಕ್ಕೆ ಕೈಬದಲಾಯಿತು ಎಂದು ಹೇಗೆ ಪತ್ತೆ ಹಚ್ಚಬೇಕು, ಹಚ್ಚಿದರೂ ಯಾವ ಕೋರ್ಟಿಗೆ ಅಲೆಯಬೇಕು?

ಮೇಳ ಹೆಚ್ಚಾದವು ಎಂಬ ದೂರಿಗೆ ನಾನು ಸೇರಿಸುವ ಮಾತೆಂದರೆ, ಉಳಿದದ್ದೆಲ್ಲ ಕಡಿಮೆಯಾದ್ದರಿಂದ ಮೇಳ ಹೆಚ್ಚಾಗಿ ಕಾಣುತ್ತಿದೆ. ಮುಂಬೈನ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಒಂದು ವಾರ ಗೋಡೆ ಸಿಗಲು ಕಲಾವಿದರು ವರ್ಷಗಟ್ಟಲೆ ಕಾಯುತ್ತಾರೆ. 1952ರಲ್ಲಿ ತೆರೆದ ಆ ಗ್ಯಾಲರಿಗೆ ಅಷ್ಟು ದೊಡ್ಡ ಸರದಿ ಏಕೆ? ಕೈಗೆಟುಕುವ ಬಾಡಿಗೆಗೆ, ಊರ ನಡುವೆ, ನಾಲ್ಕು ಜನ ತಾವಾಗಿಯೇ ಬಂದು ನೋಡುವ ಜಾಗ ಅದು. ಬೆಂಗಳೂರಿನಲ್ಲಿ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಸರ್ಕಾರ ಹೊರಟಾಗ, 2016ರಲ್ಲಿ ಕಲಾವಿದರು ಬೀದಿಗಿಳಿದಿದ್ದು ನೆನಪಿರಬಹುದು. ಹೊರಗಿನವರಿಗೆ ಅದೊಂದು ಕಟ್ಟಡದ ಜಗಳದಂತೆ ಕಂಡಿತು. ಗ್ಯಾಲರಿಯ ಬೆಂಬಲವಿಲ್ಲದ ಹುಡುಗ ಹುಡುಗಿಯರು ಕಡಿಮೆ ಬಾಡಿಗೆ ಕೊಟ್ಟು ತಮ್ಮ ಮೊದಲ ಪ್ರದರ್ಶನ ಮಾಡುತ್ತಿದ್ದ ಗೋಡೆಗಳು ಅವು. ಹಾಗಾಗಿ ಹೊಟ್ಟೆ ಉರಿದಿತ್ತು.

ಬೆಂಗಳೂರಿನ ಆಚೆ ನೋಡಿ. ಮೈಸೂರಿನಲ್ಲಿ ಕಾವಾ ಇದೆ, ದಾವಣಗೆರೆಯಲ್ಲಿ ದೃಶ್ಯಕಲಾ ಕಾಲೇಜಿದೆ, ಕಲಬುರಗಿ, ಧಾರವಾಡಗಳಲ್ಲಿ ಕಲಾಶಾಲೆಗಳಿವೆ, ಗದಗದ ವಿಜಯ ಕಲಾಮಂದಿರದ ಹೆಸರು ಹಳೆಯದು. ವರ್ಷವರ್ಷವೂ ಚಿತ್ರ ಬರೆಯಲು ಕಲಿತವರು ಹೊರಬರುತ್ತಾರೆ. ಅವರ ಊರಲ್ಲಿ ಕಲ್ಯಾಣಮಂಟಪ ಹತ್ತಿವೆ, ಬೆಳಕು ಸರಿಯಾಗಿರುವ, ಮೊಳೆ ಹೊಡೆಯಲು ಬಿಡುವ, ಒಂದು ವಾರ ಚಿತ್ರ ತೂಗುಹಾಕಬಹುದಾದ ಹಾಲು ಒಂದು ಸಿಗುವುದು ದುರ್ಲಭ. ಪತ್ರಿಕೆಗಳಲ್ಲಿ ಕಲಾವಿಮರ್ಶೆಯ ಜಾಗ ಕುಗ್ಗಿ ಕುಗ್ಗಿ ಉದ್ಘಾಟನೆಯ ಫೋಟೊಗೆ ಬಂದು ನಿಂತಿದೆ. ಹೀಗಿರುವಾಗ 'ನೀವು ಆಯ್ಕೆಯಾಗಿದ್ದೀರಿ' ಎಂಬ ಸಂದೇಶ ಬಂದರೆ ಮನಸ್ಸು ಹಿಗ್ಗದೆ ಇರುತ್ತದೆಯೇ? ಹೊರಗಿನಿಂದ ಯಾರೋ ತನ್ನ ಚಿತ್ರ ನೋಡಿದರು ಎಂಬ ಸಣ್ಣ ಖುಷಿಗೇ ಗೆಳೆಯ ಆ 35,000 ಕಟ್ಟಿದ್ದು. ಅದು ಅವನ ದಡ್ಡತನ ಎಂದು ನಾನು ಹೇಳಲಾರೆ.

ಜಿಲ್ಲೆಗೊಂದು ಪ್ರದರ್ಶನ ಹಾಲು ಎಂದರೆ ಸಾವಿರಾರು ಕೋಟಿಯ ಯೋಜನೆಯೇನಲ್ಲ. ಇರುವ ಕಟ್ಟಡಗಳಲ್ಲೇ ಒಂದು ಗೋಡೆ, ನಾಲ್ಕು ದೀಪ, ಬೀಗದ ಕೈ ಕೊಡುವ ಒಬ್ಬ ಸಿಬ್ಬಂದಿ. ಲಲಿತಕಲಾ ಅಕಾಡೆಮಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮನಸ್ಸು ಮಾಡಿದರೆ ಆಗುವ ಕೆಲಸ. ಇದು ಆದ ಮಾತ್ರಕ್ಕೆ ಮಾರಾಟ ಶುರುವಾಗಿಬಿಡುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಊರಿನ ಡಾಕ್ಟರು, ವಕೀಲರು, ಬಟ್ಟೆ ಅಂಗಡಿಯವರು ವರ್ಷಕ್ಕೆ ನಾಲ್ಕು ಸಲ ಚಿತ್ರ ನೋಡುವ ಅಭ್ಯಾಸಕ್ಕೆ ಬಿದ್ದರೆ ಅವರಲ್ಲಿ ಒಬ್ಬಿಬ್ಬರು ಕೊಳ್ಳುವವರಾಗುತ್ತಾರೆ. ಅವರು ಎರಡನೆಯ ಸಲವೂ ಕೊಳ್ಳಬಹುದು. ಚಿತ್ರಸಂತೆಯ ಆ ತಾಯಿಯನ್ನು ನೋಡಿದ ಮೇಲೆ ನನಗೆ ಇದರಲ್ಲಿ ಅಷ್ಟೊಂದು ಅನುಮಾನ ಉಳಿದಿಲ್ಲ.

ಅಲ್ಲಿಯವರೆಗೆ, ಇಂಥ ಸಂದೇಶ ಬಂದವರು ದುಡ್ಡು ಕಟ್ಟುವ ಮುಂಚೆ ಕೇಳಬಹುದಾದದ್ದು ಇಷ್ಟು. ಹೋದ ವರ್ಷ ಈ ಮೇಳದಲ್ಲಿ ಭಾಗವಹಿಸಿದ ಇಬ್ಬರ ಫೋನ್ ನಂಬರ್ ಕೊಡಿ ಎನ್ನಿ. ಕೊಡದಿದ್ದರೆ ಅಲ್ಲಿಗೇ ಬಿಡಿ. ಕೊಟ್ಟರೆ ಅವರಿಗೆ ಫೋನ್ ಮಾಡಿ, ಎಷ್ಟು ಮಾರಿದಿರಿ ಎಂದಲ್ಲ, ಕೊಂಡವರು ಯಾರು ಎಂದು ಕೇಳಿ. ಎಷ್ಟು ಮಾರಿದೆವು ಎಂಬುದರಲ್ಲಿ ಎಲ್ಲರೂ ಸ್ವಲ್ಪ ಹೆಚ್ಚೇ ಹೇಳುತ್ತಾರೆ, ಮರ್ಯಾದೆಯ ಪ್ರಶ್ನೆ. ಕೊಂಡವರು ಪಕ್ಕದ ಸ್ಟಾಲಿನ ಕಲಾವಿದರು, ಊರಲ್ಲಿರುವ ನೆಂಟರು ಎಂದರೆ ಅರ್ಥ ಮಾಡಿಕೊಳ್ಳಿ. ಜಾಹೀರಾತಿಗೆ, ಕೊಳ್ಳುವವರನ್ನು ಕರೆಸಲು ಏನು ಮಾಡುತ್ತೀರಿ ಎಂಬುದಕ್ಕೆ ಸಂಘಟಕರಿಂದ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಮೂವರು ನಾಲ್ವರು ಸೇರಿ ಒಂದೇ ಸ್ಟಾಲು ಹಿಡಿಯಲು ಬಿಡುತ್ತೀರಾ ಎಂದೂ ಕೇಳಿ, ಎಷ್ಟೋ ಕಡೆ ಬಿಡುತ್ತಾರೆ.

ಮೊನ್ನೆ ಗೆಳೆಯನಿಗೆ ಮತ್ತೊಂದು ಅಭಿನಂದನೆ ಬಂತು. ಈ ಸಲ ನನಗೆ ಕಳಿಸುವ ಮುಂಚೆ ತಾನೇ ಅವರಿಗೊಂದು ಉತ್ತರ ಹಾಕಿದ್ದ: 'ಸರ್, ಸ್ಟಾಲ್ ಬಾಡಿಗೆ ಬದಲು ಮಾರಾಟದಲ್ಲಿ ಶೇಕಡಾ 40 ನೀವೇ ತಗೊಳ್ರಿ. ನಾನು ತಯಾರಿದ್ದೇನೆ.' ಅದರ ಸ್ಕ್ರೀನ್‌ಶಾಟ್ ಕಳಿಸಿದ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ. ಕೆಳಗೆ ಅವನದೇ ಒಂದು ಸಾಲು: "ಚಿತ್ರಸಂತಿಗೆ ಅರ್ಜಿ ಹಾಕೇನಿ. ಆಯ್ಕೆ ಆತಂದ್ರ ಊಟದ ಹೊತ್ತಿನ್ಯಾಗ ಒಂದ್ ತಾಸು ಬಂದು ಕುಂದರಪಾ."